ಬಣ್ಣ ಸೋರಿದ ಮನೆ

ಹಳ್ಳಿಯ ಹಿರಿಯ ಪ್ರಾಥಮಿಕ ಶಾಲೆಯ ಕಂಪ್ಯೂಟರ್ ಕೋಣೆ. ಒಂದೊಂದು ಕಂಪ್ಯೂಟರಿನ ಮುಂದೆ ಮೂರು ಮೂರು ಮಕ್ಕಳು. ಮೌಸ್ ಒಬ್ಬರ ಕೈಯಲ್ಲಿ, ಸಲಹೆ ಇನ್ನಿಬ್ಬರ ಬಾಯಲ್ಲಿ. ತೆರೆದಿರುವುದು ಟಕ್ಸ್ ಪೇಂಟ್. ಬಿಲ್ ಕೆಂಡ್ರಿಕ್ 2002ರಲ್ಲಿ ಮಕ್ಕಳಿಗೆಂದೇ ಶುರುಮಾಡಿದ ಈ ತಂತ್ರಾಂಶ ಉಚಿತ. ಬೇಕಾದರೆ ಕನ್ನಡಕ್ಕೂ ಬದಲಾಯಿಸಿಕೊಳ್ಳಬಹುದು. ಪರದೆಯ ಎಡಗಡೆ ಕುಂಚ, ಗೆರೆ, ಆಕಾರ, ಅಕ್ಷರ, ರಬ್ಬರುಗಳ ಗುಂಡಿಗಳು. ಕೆಳಗೆ ಬಣ್ಣಗಳ ಸಾಲು. ಅದಕ್ಕೂ ಕೆಳಗೆ ಪುಟ್ಟ ಪೆಂಗ್ವಿನ್ ನಿಂತು ಮುಂದೇನು ಮಾಡಬೇಕೆಂದು ಹೇಳಿಕೊಡುತ್ತದೆ.

ಕಿಟಕಿ ಪಕ್ಕದ ಹುಡುಗಿ ಮನೆ ಬರೆಯಲು ಹೊರಟಿದ್ದಾಳೆ. ಗೋಡೆಗೆ ಚೌಕ ಸಿಕ್ಕಿತು. ಸೂರಿಗೆ ತ್ರಿಕೋನ ಆರಿಸಿದಳು. ಮೌಸ್ ಒತ್ತಿ ಹಿಡಿದು ಎಳೆದರೆ ಆಕಾರ ದೊಡ್ಡದಾಗುತ್ತದೆ. ಬೆರಳು ಬಿಟ್ಟರೆ ಅಲ್ಲೇ ನಿಲ್ಲುವುದಿಲ್ಲ, ಮೌಸ್ ಹೋದತ್ತ ತಿರುಗತೊಡಗುತ್ತದೆ. ಮತ್ತೊಮ್ಮೆ ಒತ್ತಿದಾಗಲೇ ಅದು ಕೂರುವುದು. ಅವಳು ಒತ್ತುವಷ್ಟರಲ್ಲಿ ತ್ರಿಕೋನ ವಾಲಿತ್ತು. "ಏಯ್, ಸೂರು ಬಿತ್ತಲ್ಲೇ!" ಎಂದ ಪಕ್ಕದವನು. ಅದನ್ನು ರದ್ದು ಮಾಡಿ, ಗೆರೆಯ ಸಾಧನದಿಂದಲೇ ಎರಡು ಓರೆ ಗೆರೆ ಎಳೆದಳು. ಬೆರಳು ಬಿಟ್ಟಾಗಲೆಲ್ಲ ಸ್ಪೀಕರಿನಿಂದ ಸ್ಪ್ರಿಂಗು ಚಿಮ್ಮಿದ ಸದ್ದು. ಅದನ್ನು ಕೇಳಲೆಂದೇ ಇನ್ನೊಂದು ಗೆರೆ ಎಳೆಯುವ ಆಸೆ ಎಲ್ಲರಿಗೂ.

ಈಗ ಹೆಂಚಿನ ಕೆಂಪು. ಬಣ್ಣ ತುಂಬುವ ಸಾಧನ ಹಿಡಿದು ಸೂರಿನೊಳಗೆ ಒತ್ತಿದಳು. ಸೂರು ಕೆಂಪಾಯಿತು, ಜತೆಗೆ ಆಕಾಶವೂ ಕೆಂಪಾಯಿತು, ಅಂಗಳವೂ.

"ಟೀಚರ್, ಬಣ್ಣ ಸೋರ್ತಿದೆ!"

"ಎಲ್ಲೋ ಸಂದಿ ಬಿಟ್ಟಿದೀಯ ಪುಟ್ಟಿ, ಹುಡುಕು."

ಗದ್ದೆಯ ಬದುವಿನಲ್ಲಿ ಏಡಿ ಕೊರೆದ ತೂತಿನಂಥದ್ದೇ ಇದು. ಒತ್ತಿದ ಚುಕ್ಕಿಯ ಬಣ್ಣ ಯಾವುದೆಂದು ಕಂಪ್ಯೂಟರ್ ಮೊದಲು ನೋಡುತ್ತದೆ. ಅಕ್ಕಪಕ್ಕ, ಮೇಲೆ ಕೆಳಗೆ ಅದೇ ಬಣ್ಣದ ಚುಕ್ಕಿಗಳಿದ್ದರೆ ಅವನ್ನೂ ಬದಲಿಸಿ, ಅವುಗಳ ನೆರೆಯವಕ್ಕೆ ದಾಟುತ್ತದೆ. ಬೇರೆ ಬಣ್ಣ ಅಡ್ಡ ಬಂದರಷ್ಟೇ ನಿಲ್ಲುತ್ತದೆ. ಗೆರೆಯಲ್ಲಿ ಒಂದೇ ಒಂದು ಚುಕ್ಕಿಯಷ್ಟು ಜಾಗ ಬಿಟ್ಟಿದ್ದರೂ ಸಾಕು, ಹೊರಗಿನ ಬಿಳಿಯೆಲ್ಲ ಒಳಗಿನ ಬಿಳಿಯೇ ಅದಕ್ಕೆ. ಇದನ್ನು ಪಾಠ ಮಾಡಿ ಹೇಳಿದರೆ ಮಕ್ಕಳು ಆಕಳಿಸುತ್ತಾರೆ. ಇಲ್ಲಿ ಮೂರು ತಲೆಗಳು ಪರದೆಗೆ ಅಂಟಿಕೊಂಡಿವೆ. ಸೂರಿನ ತುದಿಯಲ್ಲಿ ಎರಡು ಗೆರೆ ಕೂಡಿಲ್ಲದ್ದು ಕೊನೆಗೆ ಕಂಡಿತು. ಕೆಂಪನ್ನು ರದ್ದು ಮಾಡಿ, ಸಣ್ಣ ಕುಂಚದಿಂದ ಕಪ್ಪು ಚುಕ್ಕೆಯಿಟ್ಟು ಮುಚ್ಚಿದಳು. ಈ ಸಲ ಕೆಂಪು ಸೂರಿನೊಳಗೇ ನಿಂತಿತು.

'ಇನ್‌ಪುಟ್ ಸಾಧನ ಎಂದರೇನು?' ಎಂಬ ಪ್ರಶ್ನೋತ್ತರ ಬಾಯಿಪಾಠ ಮಾಡಿಸಿ ಕಂಪ್ಯೂಟರ್ ಕಲಿಸುವ ಶಾಲೆಗಳನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಕೈಗೆ ಮೌಸ್ ಕೊಟ್ಟು ಒಂದು ಮನೆ ಬರೆಸಿ ನೋಡಿ. ಚಿತ್ರ ಬರೆಯುವ ಈ ಸಾಧನಗಳೇನೂ ಹೊಸವಲ್ಲ. ಬಿಲ್ ಅಟ್ಕಿನ್ಸನ್ ಮ್ಯಾಕಿಂಟಾಷ್‌ಗೆಂದು ಬರೆದ ಮ್ಯಾಕ್‌ಪೇಂಟಿನಲ್ಲಿ 1984ರಲ್ಲೇ ಕುಂಚ, ರಬ್ಬರು, ಬಣ್ಣದ ಬಕೆಟ್ ಎಲ್ಲ ಇದ್ದವು, ಬಣ್ಣ ಮಾತ್ರ ಕಪ್ಪು ಬಿಳುಪು. ಮರುವರ್ಷದ ಮೊದಲ ವಿಂಡೋಸ್ ಜತೆಗೂ ಪೇಂಟ್ ಬಂತು.

ಅಷ್ಟರಲ್ಲಿ ಪಕ್ಕದವನ ಕೈಗೆ ಮೌಸ್ ಬಂದಿದೆ. ಅವನಿಗೆ ಮ್ಯಾಜಿಕ್ ಗುಂಡಿಯೇ ಬೇಕು. ಹುಲ್ಲು ಆರಿಸಿ ಅಂಗಳದ ತುಂಬ ಎಳೆದ. ಪರದೆಯ ಕೆಳಗಡೆ ಎಸಳು ದೊಡ್ಡದು, ಮೇಲೇರಿದಷ್ಟೂ ಚಿಕ್ಕದು. "ದೂರದ ಹುಲ್ಲು ಚಿಕ್ಕದಾಗಿ ಕಾಣ್ತದಲ್ಲ, ಅದಕ್ಕೆ" ಎಂದಳು ಅವಳು, ಯಾರೂ ಕೇಳದೆಯೇ.

ಗಂಟೆ ಹೊಡೆಯಿತು. ಉಳಿಸುವ ಗುಂಡಿ ಒತ್ತಿದರಾಯಿತು, ಟಕ್ಸ್ ಪೇಂಟ್ ಕಡತಕ್ಕೊಂದು ಹೆಸರು ಕೇಳುವುದಿಲ್ಲ. ಮುಂದಿನ ತರಗತಿಯವರು ಬಂದು ಇದೇ ಚಿತ್ರ ತೆರೆದು ತಿದ್ದಿದರೆ, ಹಳೆಯದರ ಮೇಲೇ ಉಳಿಸಬೇಕೋ ಹೊಸದಾಗಿ ಇಡಬೇಕೋ ಎಂದು ಕೇಳುತ್ತದೆ. "ಹೊಸದು ಅಂತ ಒತ್ರೋ, ನನ್ನ ಮನೆ ಹಾಳುಮಾಡ್ಬೇಡಿ" ಎಂದು ಬಾಗಿಲಲ್ಲೇ ನಿಂತು ಹೇಳಿ ಹೋದಳು ಅವಳು.