ಶ್ರವಣ ಮತ್ತು ವಾಕ್ಕು

ಗುರುವು ಶಿಷ್ಯನಿಗೆ ಮಂತ್ರವನ್ನು ಉಪದೇಶಿಸುವುದು ಕಿವಿಯಲ್ಲಿ. ತಾಯಿಯು ಕೂಸಿಗೆ ಮಾತನ್ನು ಕಲಿಸುವುದೂ ಕಿವಿಯ ಮೂಲಕವೇ. ಮಾತು ನಾಲಗೆಯಿಂದ ಹೊರಡುವುದಾದರೂ ಅದು ಒಳಹೊಗುವ ಬಾಗಿಲು ಕಿವಿ. ಆ ಬಾಗಿಲು ಹುಟ್ಟಿನಿಂದಲೇ ಮುಚ್ಚಿದ್ದರೆ, ನಾಲಗೆ ನಿರ್ದೋಷವಾಗಿದ್ದರೂ ಮಗು ಮಾತನ್ನು ಕಲಿಯಲಾರದು. 'ಕಿವುಡು-ಮೂಗು' ಎಂದು ಎರಡು ದೋಷಗಳಂತೆ ನಾವು ಆಡುವುದು ಬಹುಮಟ್ಟಿಗೆ ಒಂದೇ ದೋಷದ ಕಾರಣ ಮತ್ತು ಕಾರ್ಯಗಳು. ಕಾರಣವನ್ನು ಸಕಾಲದಲ್ಲಿ ಅರಿತರೆ ಕಾರ್ಯವನ್ನು ತಡೆಯಬಹುದೆಂಬುದೇ ಈ ಲೇಖನದ ತಾತ್ಪರ್ಯ.

ಶಬ್ದದ ಅಲೆಯು ಕಿವಿಯ ತಮಟೆಯನ್ನು ಅಲುಗಿಸುತ್ತದೆ. ಅದರ ಹಿಂದಿರುವ ಮೂರು ಕಿರುಮೂಳೆಗಳು ಆ ಕಂಪನವನ್ನು ಬಸವನಹುಳುವಿನ ಚಿಪ್ಪಿನಂತೆ ಸುರುಳಿಗೊಂಡ ಒಳಗಿವಿಗೆ ಸಾಗಿಸುತ್ತವೆ. ಅಲ್ಲಿಯ ಸೂಕ್ಷ್ಮ ರೋಮಕೋಶಗಳು ಅದನ್ನು ವಿದ್ಯುತ್ಸಂಕೇತವಾಗಿ ಮಾರ್ಪಡಿಸಿ, ನರದ ಮೂಲಕ ಮೆದುಳಿಗೆ ಮುಟ್ಟಿಸುತ್ತವೆ. ಒಳಗಿವಿಯವರೆಗಿನ ಹಾದಿಯಲ್ಲಿ ತಡೆಯುಂಟಾದರೆ ಅದು ಒಂದು ಬಗೆಯ ದೋಷ. ಒಳಗಿವಿಯೋ ನರವೋ ಕುಂದಿದರೆ ಮತ್ತೊಂದು ಬಗೆ. ಮಕ್ಕಳ ಕಿವಿಯ ತಜ್ಞವೈದ್ಯರು ಮೊದಲು ನಿರ್ಣಯಿಸುವುದು ಈ ಭೇದವನ್ನು. ಏಕೆಂದರೆ ಎರಡಕ್ಕೂ ಚಿಕಿತ್ಸೆ ಬೇರೆ.

ನೆಗಡಿಯ ತರುವಾಯ ತಮಟೆಯ ಹಿಂದೆ ದ್ರವ ನಿಲ್ಲುವುದು ಮಕ್ಕಳಲ್ಲಿ ಸಾಮಾನ್ಯ. ಅನೇಕ ವೇಳೆ ಅದು ಮೂರು ತಿಂಗಳೊಳಗೆ ತಾನಾಗಿ ಆರುತ್ತದೆ. ಆರದೆ ಶ್ರವಣ ಕುಂದಿದರೆ, ತಮಟೆಯಲ್ಲಿ 'ಗ್ರಾಮೆಟ್' ಎಂಬ ಕಿರುನಳಿಕೆಯನ್ನಿರಿಸಿ ಗಾಳಿಯಾಡುವಂತೆ ಮಾಡುತ್ತಾರೆ. ಕಿವಿ ಸೋರುತ್ತಿದ್ದರೆ ಎಣ್ಣೆ ಹಾಕುವುದು ತರವಲ್ಲ, ವೈದ್ಯರಿಗೆ ತೋರಿಸತಕ್ಕದ್ದು. ಒಳಗಿವಿಯ ಹುಟ್ಟುದೋಷವಾದರೋ ಸಾಮಾನ್ಯವಾಗಿ ಔಷಧಕ್ಕೆ ಮಣಿಯದು. ಅದಕ್ಕೆ ಶ್ರವಣಸಾಧನ ಬೇಕು. ಅದರಿಂದಲೂ ಪ್ರಯೋಜನವಾಗದ ತೀವ್ರ ದೋಷದಲ್ಲಿ ಶಸ್ತ್ರಚಿಕಿತ್ಸೆಯಿಂದ ಒಳಗಿವಿಯಲ್ಲಿ 'ಕಾಕ್ಲಿಯರ್ ಇಂಪ್ಲಾಂಟ್' ಎಂಬ ಸಾಧನವನ್ನು ಅಳವಡಿಸುತ್ತಾರೆ. ಅದು ನೇರವಾಗಿ ನರವನ್ನೇ ಪ್ರಚೋದಿಸುತ್ತದೆ. ತಂದೆಯ ಶ್ರವಣದೋಷವನ್ನು ಬಾಲ್ಯದಲ್ಲೇ ಕಂಡಿದ್ದ ಗ್ರೇಮ್ ಕ್ಲಾರ್ಕ್ ಎಂಬ ವೈದ್ಯರು 1978ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನಿನಲ್ಲಿ ಇಂತಹ ಬಹುವಾಹಿನಿಯ ಸಾಧನವನ್ನು ವಯಸ್ಕರೊಬ್ಬರಿಗೆ ಅಳವಡಿಸಿದರು. ಇಂದು ವರ್ಷದ ಕೂಸಿಗೂ ಅದು ಸಾಧ್ಯ.

ಆದರೆ ಕಾಲವು ಕಾಯುವುದಿಲ್ಲ. ಭಾಷೆಯನ್ನು ಗ್ರಹಿಸುವ ಮೆದುಳಿನ ಶಕ್ತಿ ಮೊದಲ ವರ್ಷಗಳಲ್ಲೇ ಅಧಿಕ. ಆದುದರಿಂದ ಒಂದು ತಿಂಗಳೊಳಗೆ ಪ್ರಾಥಮಿಕ ಪರೀಕ್ಷೆ, ಮೂರು ತಿಂಗಳೊಳಗೆ ರೋಗನಿರ್ಣಯ, ಆರು ತಿಂಗಳೊಳಗೆ ಉಪಚಾರದ ಆರಂಭ ಎಂಬುದು ತಜ್ಞರ ನಿಯಮ. ನಿದ್ರಿಸುವ ಶಿಶುವಿನ ಕಿವಿಯಲ್ಲಿ ಪುಟ್ಟ ಸಾಧನವನ್ನಿರಿಸಿ ಕೆಲವೇ ನಿಮಿಷಗಳಲ್ಲಿ ನೋವಿಲ್ಲದೆ ಈ ಪರೀಕ್ಷೆ ಮಾಡುತ್ತಾರೆ. 1965ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಪರೀಕ್ಷೆ, ಉಪಚಾರ, ಶಿಕ್ಷಣ ಮೂರನ್ನೂ ನಡೆಸುತ್ತಿರುವುದು ನಾಡಿನ ಭಾಗ್ಯ.

ಶೈಶವದಲ್ಲಿ ಗೋಚರಿಸದ ಅಲ್ಪದೋಷವು ಶಾಲೆಯಲ್ಲಿ ಬಯಲಾಗಬಹುದು. ಇಲ್ಲಿ ಉಪಾಧ್ಯಾಯರ ಹೊಣೆ ಹಿರಿದು. ಸ್ವರಗಳು ಬಲವಾದ, ತಗ್ಗು ಶ್ರುತಿಯ ಧ್ವನಿಗಳು. ಶ, ಸ ಮುಂತಾದ ಊಷ್ಮಾಕ್ಷರಗಳು ಕ್ಷೀಣವಾದ, ಎತ್ತರದ ಶ್ರುತಿಯವು. ಎತ್ತರದ ಶ್ರುತಿಯಷ್ಟೇ ಕೇಳಿಸದ ಬಾಲಕನು ಹೆಸರು ಹಿಡಿದು ಕರೆದರೆ ತಿರುಗಿ ನೋಡುತ್ತಾನೆ. ಆದರೆ ಉಕ್ತಲೇಖನದಲ್ಲಿ 'ಸಾರು' ಎಂದುದು ಅವನಿಗೆ 'ಆರು' ಎಂದು ಕೇಳಿಸೀತು. ಅವನನ್ನು ದಡ್ಡನೆಂದೋ ಉಡಾಳನೆಂದೋ ದಂಡಿಸುವ ಮುನ್ನ ಮುಂದಿನ ಸಾಲಿನಲ್ಲಿ ಕೂರಿಸಿ, ಅವನಿಗೆ ಮುಖ ಕಾಣುವಂತೆ ಮಾತನಾಡಿ, ತಂದೆತಾಯಿಗಳಿಗೆ ಕಿವಿಯ ಪರೀಕ್ಷೆ ಮಾಡಿಸಲು ತಿಳಿಸುವುದು ಗುರುಧರ್ಮ.

ದಾನಿಗಳಲ್ಲಿಯೂ ಒಂದು ವಿಜ್ಞಾಪನೆ. ಸಾಧನವನ್ನು ಕೊಡಿಸಿದ ಮಾತ್ರಕ್ಕೆ ಕಾರ್ಯ ಮುಗಿಯದು. ಮಗು ಬೆಳೆದಂತೆ ಕಿವಿಯ ಅಚ್ಚನ್ನು ಬದಲಿಸಬೇಕು, ಬ್ಯಾಟರಿ ಒದಗಿಸಬೇಕು, ವರ್ಷಗಟ್ಟಲೆ ವಾಕ್‌ತರಬೇತಿ ನಡೆಯಬೇಕು. ಕೇಳುವುದು ಅಸಾಧ್ಯವೇ ಆದ ಮಗುವಿಗೆ ಸಂಜ್ಞಾಭಾಷೆಯನ್ನಾದರೂ ಬೇಗ ಕಲಿಸಬೇಕು. ಅದೂ ಪೂರ್ಣವಾದ ಭಾಷೆಯೇ. ಭಾಷೆಯಿಲ್ಲದೆ ಯಾವ ಮಗುವೂ ಬೆಳೆಯಬಾರದು.

ಅನ್ನದಾಸೋಹ, ಅಕ್ಷರದಾಸೋಹಗಳು ನಮ್ಮ ಮಠಗಳ ಹಿರಿಯ ಪರಂಪರೆ. ಗುರುವಿನ ನುಡಿಯೇ ಕೇಳಿಸದ ಮಗು ಪಂಕ್ತಿಯಲ್ಲಿ ಕುಳಿತೂ ಉಪವಾಸವಿರುವಂತೆ. ಅಂಥ ಒಂದು ಮಗುವನ್ನು ವೇಳೆಗೆ ಗುರುತಿಸಿ ಅದರ ಶ್ರವಣಕ್ಕೆ ನೆರವಾದರೆ ಅದೂ ಅಕ್ಷರದಾಸೋಹವೇ.