ಪತ್ತಿನ ಸಂಘವೋ, ಬ್ಯಾಂಕೋ?

ಮೂವತ್ತು ವರ್ಷ ಪಾಠ ಹೇಳಿದ ಶಿಕ್ಷಕರೊಬ್ಬರು ನಿವೃತ್ತಿಯ ದಿನ ಹಾರ, ಶಾಲು, ಫಲತಾಂಬೂಲಗಳೊಡನೆ ಮನೆಗೆ ಮರಳುತ್ತಾರೆ. ಮುಂದೆ ಅವರ ಭವಿಷ್ಯನಿಧಿ, ಉಪದಾನಗಳ ಮೊತ್ತವೂ ಕೈಸೇರುತ್ತದೆ. ಅಷ್ಟು ಹಣವನ್ನು ಒಟ್ಟಿಗೆ ಎಂದೂ ಕಂಡಿರದ ಅವರನ್ನು ಆಗ ಕಾಡುವ ಪ್ರಶ್ನೆ ಒಂದೇ: ಇದನ್ನು ಎಲ್ಲಿಡುವುದು? ಊರಿನ ಪತ್ತಿನ ಸಹಕಾರ ಸಂಘದವರು ಪರಿಚಿತರು. ಅಲ್ಲಿ ಬಡ್ಡಿಯೂ ಅನೇಕ ವೇಳೆ ತುಸು ಹೆಚ್ಚು. ಬ್ಯಾಂಕಿನಲ್ಲಿ ಹೆಸರು ಹಿಡಿದು ಮಾತನಾಡಿಸುವವರೇ ವಿರಳ. ಈ ಆಯ್ಕೆಯನ್ನು ಹೇಗೆ ಮಾಡಬೇಕೆಂಬುದನ್ನು ಇಲ್ಲಿ ಸಂಕ್ಷೇಪವಾಗಿ ವಿಚಾರಿಸೋಣ.

ಪತ್ತಿನ ಸಂಘವು ನಮ್ಮ ನಾಡಿಗೆ ಹೊಸದಲ್ಲ. 19ನೆಯ ಶತಮಾನದಲ್ಲಿ ಜರ್ಮನಿಯ ರೈಫೈಸನ್ ಎಂಬ ಮಹನೀಯನು ಬಡ ರೈತರನ್ನು ಬಡ್ಡಿ ವ್ಯಾಪಾರಿಗಳ ಹಿಡಿತದಿಂದ ಬಿಡಿಸಲು ಗ್ರಾಮ ಸಂಘಗಳನ್ನು ಕಟ್ಟಿದನು. ಅಂತಹ ಸಂಘಗಳಿಗೆ ಭಾರತದಲ್ಲಿ 1904ರ ಕಾಯಿದೆ ದಾರಿ ಮಾಡಿಕೊಟ್ಟಿತು. ಮರುವರ್ಷವೇ, ಅಂದರೆ 1905ರಲ್ಲಿ, ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಕೃಷಿ ಪತ್ತಿನ ಸಂಘವೊಂದು ಸ್ಥಾಪಿತವಾಯಿತು. ಕನ್ನಡಿಗರು ಹೆಮ್ಮೆಪಡಬೇಕಾದ ಸಂಗತಿಯಿದು.

ಸಂಘಕ್ಕೂ ಬ್ಯಾಂಕಿಗೂ ಇರುವ ಮೂಲಭೂತ ವ್ಯತ್ಯಾಸವು ಬಡ್ಡಿಯ ದರದಲ್ಲಿಲ್ಲ, ಒಡೆತನದಲ್ಲಿದೆ. ಬ್ಯಾಂಕಿನಲ್ಲಿ ಹಣವಿಟ್ಟವನು ಅದರ ಗ್ರಾಹಕ. ಸಂಘದಲ್ಲಿ ಷೇರು ಪಡೆದವನು ಅದರ ಒಡೆಯರಲ್ಲೊಬ್ಬ. ಒಂದು ಷೇರಿದ್ದರೂ ನೂರು ಷೇರಿದ್ದರೂ ಸದಸ್ಯನಿಗೆ ಒಂದೇ ಮತ. ಆಡಳಿತ ಮಂಡಳಿಯನ್ನು ಆರಿಸುವವರು ಸದಸ್ಯರೇ. ನೌಕರರ ಪತ್ತಿನ ಸಂಘದಲ್ಲಿ ಶಿಕ್ಷಕನಿಗೆ ಸಹೋದ್ಯೋಗಿಗಳ ಜಾಮೀನಿನ ಮೇಲೆ ಸಾಲ ದೊರೆಯುತ್ತದೆ. ಕಂತುಗಳು ಸಂಬಳದಲ್ಲಿಯೇ ಕಡಿತವಾಗುತ್ತವೆ. ಮಗಳ ಮದುವೆಗೆ, ಮನೆಯವರ ಚಿಕಿತ್ಸೆಗೆ ಹಣ ಬೇಕಾದಾಗ ಈ ನೆರವಿನ ಬೆಲೆ ತಿಳಿಯುತ್ತದೆ. ಆದರೆ ಜಾಮೀನು ನಿಂತವನು ಸಾಲಗಾರನಷ್ಟೇ ಹೊಣೆಗಾರನೆಂಬುದನ್ನು ಮರೆಯಬಾರದು.

ಸಾಲದ ಮಾತು ಇದಾದರೆ, ಉಳಿತಾಯದ ಮಾತು ಬೇರೆ. ಬ್ಯಾಂಕುಗಳೂ ಮುಳುಗುವುದುಂಟು. 1960ರಲ್ಲಿ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕು ಕುಸಿದ ಕಹಿ ಅನುಭವದ ತರುವಾಯ 1962ರಲ್ಲಿ ಠೇವಣಿ ವಿಮೆಯು ಜಾರಿಗೆ ಬಂದಿತು. ಆಗ ಅದರ ಮಿತಿ 1,500 ರೂಪಾಯಿ. 1993ರಲ್ಲಿ 1 ಲಕ್ಷವಾಗಿ, 2020ರಲ್ಲಿ 5 ಲಕ್ಷಕ್ಕೇರಿತು. ವಾಣಿಜ್ಯ ಬ್ಯಾಂಕು, ಗ್ರಾಮೀಣ ಬ್ಯಾಂಕುಗಳಂತೆಯೇ ರಿಜರ್ವ್ ಬ್ಯಾಂಕಿನ ಪರವಾನಗಿ ಪಡೆದ ಸಹಕಾರಿ ಬ್ಯಾಂಕುಗಳಿಗೂ ಈ ರಕ್ಷಣೆಯುಂಟು. ಪ್ರಾಥಮಿಕ ಪತ್ತಿನ ಸಹಕಾರ ಸಂಘಗಳಿಗೆ ಇಲ್ಲ. ಆದಕಾರಣ ನಾಮಫಲಕದಲ್ಲಿರುವ ‘ಸಹಕಾರಿ’ ಎಂಬ ಪದವೊಂದನ್ನೇ ನೋಡಿ ಎರಡನ್ನೂ ಒಂದೆಂದು ಬಗೆಯಬಾರದು. ಪರವಾನಗಿಯಿಲ್ಲದ ಸಂಘವು ತನ್ನನ್ನು ಬ್ಯಾಂಕೆಂದು ಕರೆದುಕೊಳ್ಳುವಂತಿಲ್ಲ.

ಒಂದು ಲೆಕ್ಕವನ್ನು ನೋಡೋಣ. ನಮ್ಮ ಶಿಕ್ಷಕರ ಬಳಿ 8 ಲಕ್ಷ ರೂಪಾಯಿಗಳಿವೆ. ಸಂಘವು ಬ್ಯಾಂಕಿಗಿಂತ ಶೇಕಡಾ 1ರಷ್ಟು ಹೆಚ್ಚು ಬಡ್ಡಿ ಕೊಡುತ್ತದೆ ಎಂದಿಟ್ಟುಕೊಳ್ಳೋಣ. ವರ್ಷಕ್ಕೆ ದೊರೆಯುವ ಹೆಚ್ಚಿನ ಆದಾಯ 8,000 ರೂಪಾಯಿ. ಅದಕ್ಕಾಗಿ ಅವರು 8 ಲಕ್ಷವನ್ನೂ ವಿಮೆಯಿಲ್ಲದೆ ಇಟ್ಟಂತಾಗುತ್ತದೆ. ಅದೇ ಹಣವನ್ನು 4 ಲಕ್ಷದಂತೆ ಎರಡು ಬೇರೆ ಬೇರೆ ಬ್ಯಾಂಕುಗಳಲ್ಲಿಟ್ಟರೆ, ಅಸಲು ಬಡ್ಡಿ ಕೂಡಿ ಪ್ರತಿಯೊಂದರಲ್ಲಿಯೂ 5 ಲಕ್ಷ ಮೀರದವರೆಗೆ ಪೂರ್ತಿ ರಕ್ಷಣೆಯಿರುತ್ತದೆ. ಒಂದೇ ಬ್ಯಾಂಕಿನ ಎರಡು ಶಾಖೆಗಳಲ್ಲಿ ಹಂಚಿಟ್ಟರೆ ಈ ಪ್ರಯೋಜನವಿಲ್ಲ. ಒಬ್ಬನ ಹೆಸರಿನ ಎಲ್ಲ ಶಾಖೆಗಳ ಠೇವಣಿಯನ್ನೂ ಒಟ್ಟುಗೂಡಿಸಿಯೇ ಮಿತಿಯನ್ನು ಎಣಿಸುತ್ತಾರೆ.

ಹಾಗೆಂದು ಸಂಘವನ್ನು ದೂರವಿಡಬೇಕೆಂದು ಅರ್ಥವಲ್ಲ. ವೃದ್ಧಾಪ್ಯದ ಆಧಾರವಾದ ಹಣವು ವಿಮೆಯಿರುವಲ್ಲಿರಲಿ; ಅದಕ್ಕೆ ಮೀರಿದ, ಕಳೆದರೂ ಬದುಕು ಕೆಡದ ಅಂಶವೊಂದು ಸಂಘದಲ್ಲಿರಲಿ. ಅದನ್ನಿಡುವ ಮೊದಲು ವಾರ್ಷಿಕ ವರದಿಯನ್ನು ಕೇಳಿ ಓದಬೇಕು. ಸುಸ್ತಿ ಸಾಲವು ವರ್ಷದಿಂದ ವರ್ಷಕ್ಕೆ ಏರುತ್ತಿದೆಯೆ? ಕಾಯ್ದಿಟ್ಟ ನಿಧಿ ಬೆಳೆಯುತ್ತಿದೆಯೆ? ಲೆಕ್ಕಪರಿಶೋಧಕರ ಆಕ್ಷೇಪಣೆಗಳಿಗೆ ಉತ್ತರವಿದೆಯೆ? ದೊಡ್ಡ ಸಾಲಗಳು ಕೆಲವೇ ಮನೆತನಗಳ ಪಾಲಾಗಿವೆಯೆ? ತನಗೆ ಕೊಟ್ಟಿರುವುದು ಮತದ ಹಕ್ಕುಳ್ಳ ಸದಸ್ಯತ್ವವೋ, ನಾಮಮಾತ್ರ ಸದಸ್ಯತ್ವವೋ ಎಂಬುದನ್ನೂ ವಿಚಾರಿಸಬೇಕು. ಎಲ್ಲರಿಗಿಂತ ಬಹಳ ಹೆಚ್ಚು ಬಡ್ಡಿ ಕೊಡುವೆನೆಂಬ ಮಾತೇ ಒಂದು ಎಚ್ಚರಿಕೆಯ ಗಂಟೆ.

ಕಣಗಿನಹಾಳದ ರೈತರ ಸಂಘದಂತಹ ಸಂಸ್ಥೆಗಳಿಗೆ ಬಲ ಬರುವುದು ಸದಸ್ಯರು ಒಬ್ಬರನ್ನೊಬ್ಬರು ಅರಿತು, ಲೆಕ್ಕವನ್ನು ತಮ್ಮ ಕಣ್ಣಿನಿಂದ ನೋಡಿದಾಗ. ಇಂದು ಮಹಾಸಭೆಯ ನೋಟೀಸು ಬಂದರೆ ಅನೇಕರು ಅದನ್ನು ಮಡಿಚಿ ಬದಿಗಿಡುತ್ತಾರೆ. ಸಂಘ ಕೆಟ್ಟ ಮೇಲೆ ಮಂಡಳಿಯನ್ನು ದೂರುತ್ತಾರೆ. ವಿಮೆಯಿಲ್ಲದ ಸಂಸ್ಥೆಗೆ ಸದಸ್ಯರ ಎಚ್ಚರವೇ ಮೊದಲ ಕಾವಲು. ಮಕ್ಕಳಿಗೆ ಲೆಕ್ಕ ಕಲಿಸಿದ ಶಿಕ್ಷಕರು ಮಹಾಸಭೆಯಲ್ಲಿ ಎದ್ದು ನಿಂತು ಲೆಕ್ಕ ಕೇಳಲು ಸಂಕೋಚಪಡಬೇಕಾದ ಕಾರಣವಿಲ್ಲ.