ಕೊನೆಯ ದಿನಗಳ ಶುಶ್ರೂಷೆ

“ಇನ್ನು ಮನೆಗೆ ಕರೆದೊಯ್ಯಿರಿ” ಎಂದು ವೈದ್ಯರು ನುಡಿದಾಗ ರೋಗಕ್ಕೆ ಚಿಕಿತ್ಸೆ ಮುಗಿದಿರಬಹುದು, ಶುಶ್ರೂಷೆ ಮುಗಿದಿರುವುದಿಲ್ಲ. ಆ ಭಾರವೆಲ್ಲ ಬಹುತೇಕ ಮನೆಯ ಒಬ್ಬ ಹೆಣ್ಣುಮಗಳ ಹೆಗಲೇರುತ್ತದೆ.

ನೆರೆಯ ಕೇರಳದ ಕೋಳಿಕ್ಕೋಡಿನಲ್ಲಿ 1993ರಲ್ಲಿ ಆರಂಭವಾದ ಉಪಶಾಮಕ ಸೇವೆಯು ಇದಕ್ಕೊಂದು ದಾರಿ ತೋರಿತು. ಅಲ್ಲಿ ದಾದಿಯೇ ಮನೆಬಾಗಿಲಿಗೆ ಬರುತ್ತಾಳೆ. ರೋಗಿಯ ಮಗ್ಗುಲನ್ನು ಆಗಾಗ ಬದಲಿಸಿ ಹಾಸಿಗೆಹುಣ್ಣನ್ನು ತಡೆಯುವುದನ್ನೂ, ಒಣಗಿದ ತುಟಿಯನ್ನು ತೇವವಾಗಿಡುವುದನ್ನೂ ಮನೆಯವರಿಗೆ ಕಲಿಸುತ್ತಾಳೆ. ತೀವ್ರ ನೋವಿಗೆ, ವೈದ್ಯರು ವಿಧಿಸಿದಂತೆ, ಮಾರ್ಫಿನ್ ಉಂಟು. ತರಬೇತಿ ಪಡೆದ ನೆರೆಹೊರೆಯವರೂ ಕೈಜೋಡಿಸುತ್ತಾರೆ. 2008ರಲ್ಲಿ ಕೇರಳ ಸರ್ಕಾರವು ಇದಕ್ಕಾಗಿಯೇ ಒಂದು ನೀತಿಯನ್ನು ಘೋಷಿಸಿತು.

ಕಿತ್ತಳೆಹಣ್ಣು ಹಿಡಿದು ರೋಗಿಯನ್ನು ನೋಡಬರುವ ಬಂಧುಗಳು ಒಂದು ರಾತ್ರಿ ತಾವು ಹಾಸಿಗೆಯ ಬಳಿ ಕುಳಿತು, ಆ ಹೆಣ್ಣುಮಗಳನ್ನು ನಿದ್ರಿಸಗೊಡಲಿ. ಅದೂ ಶುಶ್ರೂಷೆಯೇ.